ಎಂಟರ ಮಗ್ಗಿ ತಂಗಿಯ ದಿನದ್ದು

ಎಂಟರ ಮಗ್ಗಿ ನನಗೆ ಇವತ್ತಿಗೂ ಬಾರದು. ಏಳರದು ಬರುತ್ತದೆ. ಒಂಬತ್ತರದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಂಟರಲ್ಲಿ ಮಾತ್ರ ಎಂಟ್ಮೂರ್ಲ ಇಪ್ಪತ್ನಾಲ್ಕರವರೆಗೆ ಹೋಗಿ ನಿಂತುಬಿಡುತ್ತೇನೆ. ಮೇಷ್ಟರು ಅದನ್ನು ಹೇಳಿಕೊಟ್ಟ ದಿನ ನಾನು ಮನೆಯಲ್ಲಿ ತಮ್ಮನ ತೊಟ್ಟಿಲು ತೂಗುತ್ತಿದ್ದೆ. ಅದು ತಂಗಿಯ ದಿನ.

ನಮ್ಮೂರು ಗುಂಡ್ಲುಪೇಟೆ ಕಡೆಯ ಬೇಗೂರಿನಿಂದ ನಾಲ್ಕು ಮೈಲಿ ಒಳಗೆ. ಐವತ್ತರ ದಶಕದ ನಡುವಿನ ಮಾತು ಇದು. ಊರ ಚಾವಡಿಯೇ ಶಾಲೆ. ಮೂರು ಕಡೆ ಗೋಡೆ, ಬೀದಿಯ ಕಡೆ ಬರೀ ಕಂಬಗಳು. ಮೂರು ಕ್ಲಾಸಿಗೂ ಒಬ್ಬರೇ ಮೇಷ್ಟರು. ಪಂಚಾಯಿತಿ ಸೇರಿದ ದಿನ ನಮ್ಮನ್ನು ಹೊಂಗೆಮರದ ಕೆಳಗೆ ಕೂರಿಸುತ್ತಿದ್ದರು. ಮೂರನೇ ಕ್ಲಾಸು ಮುಗಿದರೆ ಬೇಗೂರಿಗೆ ನಡೆಯಬೇಕಿತ್ತು. ಗಂಡುಹುಡುಗರಲ್ಲೇ ನಡೆಯುವವರು ಕಡಮೆ. ಹೆಣ್ಣುಮಕ್ಕಳನ್ನು ಕಳಿಸುವ ಮಾತೇ ಇರಲಿಲ್ಲ.

ಅಪ್ಪ ಶಾಲೆಗೆ ಹಾಕಿದ್ದು ತಂಗಿಯನ್ನು. ನಾನು ಹಿರಿಯಳು, ಮನೆಗೆ ಬೇಕಾದವಳು. ಆದರೂ ನೀರಿಗೆ ಹೋಗುವ ದಾರಿಯಲ್ಲಿ ಚಾವಡಿಯ ಕಂಬಕ್ಕೆ ಒರಗಿ ನಿಂತುಬಿಡುತ್ತಿದ್ದೆ. ಒಂದು ದಿನ ಮೇಷ್ಟರು, "ಅಲ್ಲಿ ನಿಂತು ಕಂಬ ಸವೆಸೋ ಬದ್ಲು ಒಳಿಕ್ಕೆ ಬಂದು ಕೂತ್ಕೊಳಮ್ಮಿ" ಅಂದರು. ತಮ್ಮ ಹುಟ್ಟಿದ ಮೇಲೆ ಇಬ್ಬರೂ ಹೋಗುವಂತಿರಲಿಲ್ಲ. ಅವ್ವ ಕಳೆ ಕೀಳಲು ಹೋದರೆ ಮಗುವಿನ ಹತ್ತಿರ ಒಬ್ಬಳು ಇರಲೇಬೇಕು. ಹೀಗಾಗಿ ಒಂದು ದಿನ ಅವಳು, ಒಂದು ದಿನ ನಾನು. ಶಾಲೆಗೆ ಉಡುವಂಥ ನೀಲಿ ಲಂಗವೂ ಒಂದೇ. ನಾನು ಲಾಡಿಯನ್ನು ಸಡಿಲ ಮಾಡಿ ಕಟ್ಟುತ್ತಿದ್ದೆ, ಅವಳು ಬಿಗಿಮಾಡಿ ಎರಡು ಸುತ್ತು ಸುತ್ತುತ್ತಿದ್ದಳು.

ಹಾಜರಿ ಪುಸ್ತಕದಲ್ಲಿ ಇದ್ದದ್ದು ತಂಗಿಯ ಹೆಸರೊಂದೇ. ಅದನ್ನು ಕೂಗಿದಾಗ ಆ ದಿನ ಬಂದವಳು "ಇದೀನಿ ಸಾ" ಅನ್ನಬೇಕು. ಇಬ್ಬರ ಹೆಸರೂ ಬರೆದರೆ ಇಬ್ಬರೂ ಅರ್ಧಕ್ಕರ್ಧ ಗೈರುಹಾಜರಿ. ಗೈರುಹಾಜರಿ ಹೆಚ್ಚಾದರೆ ಮಕ್ಕಳಿಲ್ಲ ಅಂತ ಶಾಲೆಯನ್ನೇ ಎತ್ತಿಬಿಡುತ್ತಾರೆ ಎಂಬ ಹೆದರಿಕೆ ಮೇಷ್ಟರಿಗೆ. ಪಕ್ಕದೂರಿನ ಶಾಲೆ ಹಾಗೇ ಹೋಗಿತ್ತು. ಸಂಜೆ ಮನೆಗೆ ಬಂದವಳು ಮನೆಯಲ್ಲಿದ್ದವಳಿಗೆ ಆ ದಿನದ ಪಾಠ ಒಪ್ಪಿಸಬೇಕು ಎಂಬುದೂ ಅವರದೇ ಕಟ್ಟಪ್ಪಣೆ.

ಆ ವರ್ಷ ಊರವರು ಶಾಲೆಗೆ ಬೇರೆ ಕೊಠಡಿ ಕಟ್ಟಬೇಕೆಂದು ಹೊರಟಿದ್ದರು. ಮನೆಗೊಂದು ಗಾಡಿಯಂತೆ ಗುಡ್ಡದಿಂದ ಕಲ್ಲು ತಂದು ಹೊಂಗೆಮರದ ಪಕ್ಕ ರಾಶಿ ಹಾಕಿದ್ದರು. ತೊಲೆ, ಹೆಂಚು ಸರ್ಕಾರದ್ದು. ಅದರ ಜೊತೆಗೆ ನಾಲ್ಕನೇ ಕ್ಲಾಸು, ಇನ್ನೊಬ್ಬ ಮೇಷ್ಟರು. ಆದರೆ ಗುಂಡ್ಲುಪೇಟೆಯಿಂದ ಇನ್‌ಸ್ಪೆಕ್ಟರು ಬಂದು ಪರೀಕ್ಷೆ ಮಾಡಿ ಒಳ್ಳೆಯ ಮಾತು ಬರೆದರೆ ಮಾತ್ರ. ಮೂರನೇ ಕ್ಲಾಸಿನಲ್ಲಿ ಇದ್ದದ್ದೇ ಐದು ಹೆಸರು. ಐದೂ ಪಾಸಾಗಬೇಕಿತ್ತು. ತಂಗಿ ಮುಂದೆ ಓದುವುದು ಬಿಡುವುದು ಆ ಕಲ್ಲಿನ ರಾಶಿಯ ಮೇಲೆ ನಿಂತಿತ್ತು.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ನನ್ನದು. ಶಾಲೆ ಬಿಡುವಾಗ ಮೇಷ್ಟರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ನಾಳೆ ತಂಗೀನ ಕಳ್ಸವ್ವ. ನೀನು ಮಗೀನ ನೋಡ್ಕೊ. ಬೇಜಾರ್ ಮಾಡ್ಕೋಬೇಡ."

ಸರದಿಯಂತೆಯೂ ಅದು ಅವಳದೇ ದಿನ. ಅವರು ಏನೂ ಹೇಳದಿದ್ದರೆ ನಾನು ಸುಮ್ಮನೆ ಮನೆಯಲ್ಲಿ ಇರುತ್ತಿದ್ದೆನೋ ಏನೋ. ಬೇಜಾರ್ ಮಾಡ್ಕೋಬೇಡ ಅಂದದ್ದೇ ಎದೆಗೆ ಚುಚ್ಚಿತು. ವರ್ಷವಿಡೀ ಇನ್ನೊಬ್ಬಳ ಹೆಸರಿಗೆ ಓಗೊಟ್ಟವಳು ನಾನು. ದೊಡ್ಡವರೊಬ್ಬರ ಎದುರು ನಿಂತು ಒಂದು ಸಲ, ಒಂದೇ ಸಲ, ಜಾಣೆ ಅನ್ನಿಸಿಕೊಳ್ಳಬೇಕು ಅನ್ನಿಸಿತು. ಮನೆಗೆ ಬಂದು ತಂಗಿಗೆ ಹೇಳಿದೆ: "ಮೇಷ್ಟ್ರು ನಾಳಿಕೂ ನಂಗೇ ಬಾ ಅಂದವ್ರೆ ಕಣಮ್ಮಿ."

ಅವಳು ನನ್ನ ಮುಖ ನೋಡಿದಳು. "ಓಗು ಮತ್ತೆ" ಅಂದಳು, ಅಷ್ಟೇ.

ಬೆಳಗ್ಗೆ ಚಾವಡಿಯಲ್ಲಿ ನನ್ನನ್ನು ಕಂಡ ಮೇಷ್ಟರ ಮುಖ ಬಿಳಿಚಿತು. ಏನಾದರೂ ಅನ್ನುವಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಇನ್‌ಸ್ಪೆಕ್ಟರು ಇಳಿದರು, ಹಿಂದಿನಿಂದ ಇನ್ನೊಂದು ಸೈಕಲ್ಲಿನಲ್ಲಿ ಖಾಕಿ ಕೋಟಿನ ಜವಾನ. ನಾಲ್ಕು ಹುಡುಗರು ಓದಿದರು, ಲೆಕ್ಕ ಮಾಡಿದರು, ಪಾರಾದರು. ಐದನೆಯದಾಗಿ ತಂಗಿಯ ಹೆಸರು ಕೂಗಿದರು. ನಾನು ಎದ್ದೆ.

"ಎಂಟರ ಮಗ್ಗಿ ಹೇಳಮ್ಮ."

ಎಂಟೊಂದ್ಲ ಎಂಟು. ಎಂಟೆರಡ್ಲ ಹದಿನಾರು. ಎಂಟ್ಮೂರ್ಲ ಇಪ್ಪತ್ನಾಲ್ಕು. ಅಲ್ಲಿಗೆ ನಿಂತಿತು. ಮೊದಲಿಂದ ಶುರುಮಾಡಿದೆ, ಮತ್ತೆ ಅಲ್ಲಿಗೇ ಬಂದು ನಿಂತೆ. ಇನ್‌ಸ್ಪೆಕ್ಟರ ಪೆನ್ನು ಪುಸ್ತಕದ ಮೇಲೆ ಇಳಿಯುವುದು ಕಾಣಿಸಿತು. ಮೇಷ್ಟರು ಕಣ್ಣು ಮುಚ್ಚಿಕೊಂಡಿದ್ದರು.

ಆಗ ಕಂಬದ ಹಿಂದಿನಿಂದ ಒಂದು ದನಿ: "ಎಂಟ್ನಾಲ್ಕ್ಲ ಮೂವತ್ತೆರಡು!"

ತಂಗಿ. ಸೊಂಟದಲ್ಲಿ ತಮ್ಮ. ಮೈಮೇಲೆ ಮನೆಯ ಹರಕು ಲಂಗ.

"ಯಾರಮ್ಮ ನೀನು? ಏನು ಹೆಸರು?"

ಅವಳು ತನ್ನ ಹೆಸರು ಹೇಳಿದಳು. ಇನ್‌ಸ್ಪೆಕ್ಟರು ಹಾಜರಿ ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು. "ಏನು ಮೇಷ್ಟ್ರೇ, ಒಂದೇ ಹೆಸರಿಗೆ ಇಬ್ಬರು ಎದ್ದು ಬಂದಿದ್ದಾರಲ್ಲ?"

ನಾನೇ ಹೇಳಿದೆ. "ಹೆಸ್ರು ಅವ್ಳದು ಸಾ. ಒಂದಿನ ಅವ್ಳು, ಒಂದಿನ ನಾನು. ಮಗು ಅಳ್ತದೆ ಸಾ, ಅದ್ಕೆ."

ಹಿಂದಿನಿಂದ ಒಬ್ಬ ಹುಡುಗ ಮೇಷ್ಟರನ್ನು ಉಳಿಸಲು ಕೂಗಿದ: "ಆದ್ರೂ ಒಂದಿನಾನೂ ತಪ್ಪಿಸಿಲ್ಲ ಸಾ!"

ಜವಾನ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರು ನಗಲಿಲ್ಲ. "ಮಗೂನ ಅವನ ಕೈಗೆ ಕೊಟ್ಟು ಒಳಗೆ ಬಾ" ಎಂದು ತಂಗಿಗೆ ಹೇಳಿದರು. ಅವಳು ಎಂಟರ ಮಗ್ಗಿ ಮುಗಿಸಿದಳು, ಓದಿದಳು, ಬೋರ್ಡಿನ ಮೇಲೆ ಭಾಗಾಕಾರ ಮಾಡಿದಳು. ಅಷ್ಟು ಹೊತ್ತೂ ತಮ್ಮ ಜವಾನನ ಕಂಕುಳಲ್ಲಿ ತೆಪ್ಪಗಿದ್ದು, ಕೊನೆಗೆ ಖಾಕಿ ಕೋಟನ್ನು ಒದ್ದೆಮಾಡಿಬಿಟ್ಟ. "ಅಯ್ಯೋ, ನಿನ್ನ!" ಅಂತ ಜವಾನ ಕುಣಿದಾಗ ಇಡೀ ಚಾವಡಿ ನಕ್ಕಿತು. ನನಗೆ ನಗು ಬರಲಿಲ್ಲ. ಇನ್‌ಸ್ಪೆಕ್ಟರು ಮೇಷ್ಟರನ್ನು ಕಲ್ಲಿನ ರಾಶಿಯ ಹತ್ತಿರ ಕರೆದುಕೊಂಡು ಹೋಗಿ ತುಂಬ ಹೊತ್ತು ಮಾತಾಡಿದರು. ಮೇಷ್ಟರ ತಲೆ ಬಗ್ಗಿಯೇ ಇತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. "ಮೇಷ್ಟ್ರ ಕೆಲ್ಸ ಓಯ್ತು ಕಣ್ಲಾ" ಅಂತ ಗಂಡಸರು ಹೊಂಗೆಮರದ ಕೆಳಗೆ ಆಡಿಕೊಳ್ಳುತ್ತಿದ್ದರು. "ಸುಳ್ಳು ಹಾಜರಿ ಅಂದ್ರೆ ಸುಮ್ನೆ ಬುಟ್ಟಾರಾ? ಈ ಕಲ್ಲ ತಕ್ಕೊಂಡೋಗಿ ದನದ ಕೊಟ್ಟಿಗೆ ಕಟ್ಕೊಳದೆಯ." ಅಪ್ಪ ಒಮ್ಮೆ ಕೇಳಿದರು, "ಅವ್ಳ ದಿನ ನೀ ಯಾಕಮ್ಮಿ ಓಗಿದ್ದೆ?" ನಾನು ಕೊಡ ಎತ್ತಿಕೊಂಡು ನೀರಿಗೆ ಹೊರಟೆ. ಮೇಷ್ಟರು ಕೇಳಲೇ ಇಲ್ಲ. ತಂಗಿಯೂ ಕೇಳಲಿಲ್ಲ. ಅವರಿಬ್ಬರೂ ಕೇಳದೆ ಇದ್ದದ್ದೇ ನನಗೆ ಹೆಚ್ಚು ಹಿಂಸೆ.

ಯುಗಾದಿ ಕಳೆದ ಮೇಲೆ ಕಾಗದ ಬಂತು. ಮೇಷ್ಟರು ಕಲ್ಲಿನ ರಾಶಿ ಹತ್ತಿ ನಿಂತು ಊರವರಿಗೆ ಓದಿ ಹೇಳಿದರು. ಐದು ಹೆಸರೂ ಪಾಸು. ಕೊಠಡಿ ಮಂಜೂರು. ನಾಲ್ಕನೇ ಕ್ಲಾಸು ಮಂಜೂರು. ಹರದನಹಳ್ಳಿ ಕಡೆಯ ಒಬ್ಬರು ಎರಡನೇ ಮೇಷ್ಟರಾಗಿ ಬರುತ್ತಾರೆ. ಇನ್ನು ಮುಂದೆ ಒಂದು ಹೆಸರಿಗೆ ಒಬ್ಬರೇ ಹಾಜರಾಗತಕ್ಕದ್ದು ಎಂಬ ಸಾಲೂ ಇತ್ತು. ಅದನ್ನು ಓದುವಾಗ ಮೇಷ್ಟರು ನನ್ನ ಕಡೆ ನೋಡಿ ನಕ್ಕರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ಕಾದ ಕಲ್ಲು. ಆದರೂ ಮೇಲೆ ಏಳುವ ಮನಸ್ಸಾಗಲಿಲ್ಲ.

"ನಿನ್ನೆಸ್ರೂ ಬರ್ಕೋತೀನಿ, ಬಾಮ್ಮಿ" ಅಂದರು ಮೇಷ್ಟರು. ತಮ್ಮನಿಗೆ ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ನಾನು ಬೇಡ ಅಂದೆ. ನನ್ನ ಓದು ಅಲ್ಲಿಗೆ ಮುಗಿಯಿತು.

ಇದನ್ನು ಬರೆಯಲು ಕಾರಣವಿದೆ. ತಂಗಿ ಮುಂದೆ ಓದಿ ಚಾಮರಾಜನಗರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ದುಡಿದು ನಿವೃತ್ತಳಾದಳು. ಮದುವೆ ಮುಂಜಿಗಳಲ್ಲಿ ನೆಂಟರು ಸೇರಿದಾಗಲೆಲ್ಲ, ಅಕ್ಕ ತಂಗಿಗೋಸ್ಕರ ಶಾಲೆ ಬಿಟ್ಟಳು ಎಂದು ನನ್ನನ್ನು ಹೊಗಳುತ್ತಿದ್ದರು. ನಾನು ಎಲೆಯ ಮೇಲಿನ ಅನ್ನ ಕಲೆಸುತ್ತಾ ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಅಂದುಕೊಳ್ಳುತ್ತಿದ್ದರು. ಆ ಸಂಜೆಯ ಸುಳ್ಳು ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ತಂಗಿಯ ಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಇನ್ನೆಷ್ಟು ದಿನ ಅನ್ನಿಸಿ ಹೇಳಿಬಿಟ್ಟೆ. "ಅವತ್ತು ಮೇಷ್ಟ್ರು ನಿನ್ನೇ ಕಳ್ಸು ಅಂದಿದ್ರು ಕಣೆ. ನಾನು ಸುಳ್ಳೇಳ್ದೆ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಬುಡಕ್ಕ."

"ಗೊತ್ತಾ?"

"ಅವತ್ತು ಸಂಜೆ ನೀ ನೀರ್ಗೋಗಿದ್ದಾಗ ಮೇಷ್ಟ್ರು ನಮ್ಮನೆ ಮುಂದ್ಲಿಂದ್ಲೇ ಓಗಿದ್ರು. ನಾಳಿಕೆ ನೀನೇ ಬರ್ಬೇಕು ಅಂತ ನಂಗೂ ಯೋಳಿದ್ರು."

"ಮತ್ತೆ ಯಾಕೆ ಸುಮ್ನಾದೆ?"

"ಎದ್ರಿಕೆ ಕಣಕ್ಕ! ಇನ್‌ಸ್ಪೆಟ್ರು ಅಂದ್ರೆ ಹಿಡ್ಕೊಂಡೋಗೋರು ಅಂತ್ಲೇ ನಾ ತಿಳ್ಕಂಡಿದ್ದು. ನೀ ಓಯ್ತೀನಿ ಅಂದ್ಯಲ್ಲ, ಬದುಕ್ಕಂಡೆ ಅನ್ನಿಸ್ತು." ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಆಮೇಲೆ ಮಗೀನ ತೂಗ್ತಾ ಕೂತಿದ್ದಾಗ ನೆನಪಾಯ್ತು. ಎಂಟ್ರ ಮಗ್ಗಿ ದಿನ ನಾನು ನಿಂಗೆ ಮೂರರ್ಗಂಟ ಯೋಳ್ಕೊಟ್ಟು ಕುಂಟೆಬಿಲ್ಲೆ ಆಡಕ್ಕೆ ಓಡೋಗಿದ್ದೆ. ಅದ್ಕೇ ಓಡ್ಬಂದೆ. ಅದ ನಾನು ಯಾರ್ಗೂ ಯೋಳಿಲ್ಲ."

ಅರವತ್ತು ವರ್ಷಕ್ಕೂ ಮೇಲಾಗಿತ್ತು. ಎದೆಯ ಮೇಲಿದ್ದದ್ದು ಇಳಿದ ಹಾಗಾಗಿ ಮೊದಲು ಅಳು ಬಂತು, ಆಮೇಲೆ ನಗು. ಮೊರ ಅಲುಗಾಡಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು.

"ಈಗಲಾದ್ರೂ ಪೂರ್ತಿ ಹೇಳ್ಕೊಡೆ" ಅಂದೆ, ಕಾಳು ಆರಿಸುತ್ತಾ.

"ಯಾಕೆ, ಇನ್‌ಸ್ಪೆಟ್ರು ಬತ್ತಾವ್ರಾ?" ಅಂದಳು ನನ್ನ ತಂಗಿ.