ಪಾಪಾತಿಯಕ್ಕನಿಗೆ ದಾಟಿಸದ ಪ್ರಶ್ನೆ

ನರ್ಸಮ್ಮ ಕೇಳಿದ ಒಂದು ಪ್ರಶ್ನೆಯನ್ನು ನಾನು ಪಾಪಾತಿಯಕ್ಕನಿಗೆ ದಾಟಿಸಲಿಲ್ಲ. ನುಂಗಿಕೊಂಡೆ. ಅದರ ಜಾಗದಲ್ಲಿ ಬೇರೊಂದನ್ನು ಕೇಳಿದೆ — ಇಷ್ಟೇ ನನ್ನ ತಪ್ಪು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷ. ಪಾಲಿಬೆಟ್ಟದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನನ್ನ ಗಂಡ ರೈಟರ್, ಅಂದರೆ ಲೆಕ್ಕ ಬರೆಯುವವರು. ನಮ್ಮ ಮನೆಮಾತು ಅರೆಭಾಷೆ. ಕೂಲಿಗಳ ಲೈನುಮನೆಯ ಹೆಂಗಸರ ಜೊತೆ ಹರಟಿ ಹರಟಿ ತಮಿಳು, ಮಲಯಾಳ ಎರಡೂ ನನಗೆ ಬರುತ್ತಿದ್ದವು. ಅದರ ಜಂಬವೂ ಇತ್ತು. ಹಾಗಾಗಿ ಕಮಲಾ ನರ್ಸಮ್ಮ ಕೂಲಿ ಹೆಂಗಸರನ್ನು ನೋಡಲು ಬಂದಾಗ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು.

ನರ್ಸಮ್ಮ ಮಂಗಳೂರಿನ ಕಡೆಯವರು, ಸಣ್ಣ ಆಳು, ಅಂಜಿಕೆ ಎಂಬುದೇ ಇಲ್ಲ. ಗೋದಾಮಿನ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ, ಒಂದು ಮಣ್ಣಿನ ಕುಡಿಕೆಯನ್ನು ಬೋರಲು ಹಿಡಿದು, ಗರ್ಭಕೋಶ ಹೀಗಿರುತ್ತದೆ, ಅದರ ಬಾಯಿಯಲ್ಲಿ ಕೆಟ್ಟ ಹುಣ್ಣು ಹುಟ್ಟಿದರೆ ಮೊದಲು ನೋವೇ ಇರುವುದಿಲ್ಲ ಎಂದು ಬೆರಳಿಟ್ಟು ತೋರಿಸಿದರು. ಮೇಸ್ತ್ರಿ ಅತ್ತ ಸುಳಿದಾಗಲೂ ದನಿ ತಗ್ಗಿಸಲಿಲ್ಲ. ತಗ್ಗಿಸಿದ್ದು ನಾನು. ಅರ್ಧ ಮಾತನ್ನು ಮೊಟಕುಗೊಳಿಸಿಯೇ ಹೇಳಿದೆ. ಆಮೇಲೆ ಅವರು ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಿಸಿದರು. ಸಂಶಯ ಬಂದವರನ್ನು ಲೇಡಿ ಡಾಕ್ಟರ ಹತ್ತಿರ ಪರೀಕ್ಷೆಗೆ ಕಳಿಸುವುದು ಅವರ ಕ್ರಮ.

ಪಾಪಾತಿಯಕ್ಕನ ಸರದಿ ಬಂತು. ತಮಿಳು ಬಿಟ್ಟು ಬೇರೆ ಮಾತು ಬಾರದವಳು, ನನ್ನ ಎರಡು ಬಾಣಂತನಕ್ಕೂ ನೀರು ಹಾಕಿದವಳು, ನನ್ನ ತಾಯಿಯ ವಯಸ್ಸಿನವಳು, ವಿಧವೆ.

“ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡದ್ದುಂಟಾ, ಕೇಳಿ” ಎಂದರು ನರ್ಸಮ್ಮ.

ಗಂಡನಿಲ್ಲದ ಹಿರಿಯಳನ್ನು ಇಂಥದ್ದು ಕೇಳುವುದೇ — ಅದನ್ನು ಮರ್ಯಾದೆ ಎಂದುಕೊಂಡೆ. ಸೊಂಟನೋವು ಇದೆಯಾ ಎಂದು ತಮಿಳಿನಲ್ಲಿ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ನರ್ಸಮ್ಮ ಹಾಗೆಯೇ ಬರೆದುಕೊಂಡರು.

ಮರುವರ್ಷ ಅವರು ಬಂದಾಗ ಕೈಯಲ್ಲೊಂದು ನೋಟ್‌ಬುಕ್ಕಿತ್ತು. ಅದರ ತುಂಬ ಕನ್ನಡ ಅಕ್ಷರದಲ್ಲಿ ಬರೆದ ತಮಿಳು ಪ್ರಶ್ನೆಗಳು. ಯಾರನ್ನೋ ಹಿಡಿದು ಕಲಿತು ಬಂದಿದ್ದರು. ತುಳುವಿನ ರಾಗದ ಆ ತಮಿಳಿಗೆ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಅವರೂ ನಕ್ಕರು, ಆದರೆ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಪಾಪಾತಿಯಕ್ಕ ಯಾವ ಸಂಕೋಚವೂ ಇಲ್ಲದೆ ಹೇಳಿಬಿಟ್ಟಳು — ರಕ್ತ ಕಾಣುತ್ತಿದೆ, ಹೋದ ವರ್ಷವೂ ಇತ್ತು, ಯಾರೂ ಕೇಳಲಿಲ್ಲ.

ನರ್ಸಮ್ಮ ಅವಳ ಕೈ ಹಿಡಿದುಕೊಂಡು ಕನ್ನಡದಲ್ಲಿ, “ಹೋದ ವರ್ಷ ನಾನೇ ಸರಿಯಾಗಿ ಕೇಳಿಲ್ಲ ಮಾರಾಯ್ತಿ. ತಪ್ಪು ನನ್ನದು” ಎಂದರು.

ಅಷ್ಟು ತಮಿಳು ಅವರ ನೋಟ್‌ಬುಕ್ಕಿನಲ್ಲಿರಲಿಲ್ಲ. ಅದನ್ನು ತಮಿಳಿಗೆ ತಿರುಗಿಸಿ ಹೇಳಿದವಳು ನಾನೇ. ಅಲ್ಲ, ನೀವು ಕೇಳಿದ್ದಿರಿ ಎನ್ನಬೇಕಿತ್ತು — ಎನ್ನಲಿಲ್ಲ.

ದೂರದ ದೊಡ್ಡಾಸ್ಪತ್ರೆಗೆ ನರ್ಸಮ್ಮನೇ ಅವಳನ್ನು ಬಸ್ಸಿನಲ್ಲಿ ಕರೆದೊಯ್ದರು. ಹುಣ್ಣು ಆಗಲೇ ಹಬ್ಬಿತ್ತು; ಒಂದು ವರ್ಷ ಮೊದಲೇ ತರಬೇಕಿತ್ತು ಎಂದರಂತೆ ಅಲ್ಲಿಯ ಡಾಕ್ಟರು. ಕರೆಂಟು, ಅಂದರೆ ಹುಣ್ಣು ಸುಡುವ ವಿಕಿರಣ, ಕೊಡಿಸಿಕೊಂಡು ಬಂದ ಪಾಪಾತಿಯಕ್ಕ ಮತ್ತೆ ಹಣ್ಣು ಕೊಯ್ಯಲಿಲ್ಲ. ಆದರೆ ಸುಮ್ಮನೆ ಕೂರುವ ಜೀವವೇ ಅದು? ಪಿಕ್ಕಿಂಗ್ ನಡೆಯುವಲ್ಲಿಗೆ ಕೋಲೂರಿಕೊಂಡು ಹೋಗಿ, ಗಿಡಗಿಡದ ಬಳಿ ನಿಂತು, ನಾನು ಬಾಯಿಬಿಟ್ಟು ಕೇಳಲಾರದ ಅದೇ ಪ್ರಶ್ನೆಯನ್ನು ಪ್ರತಿಯೊಬ್ಬಳಿಗೂ ಗಟ್ಟಿಯಾಗಿ ಕೇಳುತ್ತಿದ್ದಳು. ಹಾಗೆ ಹೊತ್ತಿಗೆ ಸರಿಯಾಗಿ ಡಾಕ್ಟರ ಬಳಿ ಹೋದ ಇಬ್ಬರು ಉಳಿದುಕೊಂಡರು. ಅಷ್ಟು ದೊಡ್ಡ ಮನಸ್ಸಿನ ಹೆಂಗಸನ್ನು ನಾನು ಆಮೇಲೆ ಕಾಣಲಿಲ್ಲ.

ಕೊನೆಗೆ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ ತಮಿಳಿನಲ್ಲಿ ಹೇಳಿದಳು.

“ನರ್ಸಮ್ಮ ಮನಸ್ಸಿಗೆ ಹಚ್ಕೊಂಡಿದ್ದಾರೆ, ರೈಟರಮ್ಮ. ಅವ್ರ ಮೇಲೆ ನಂಗೆ ಬೇಜಾರಿಲ್ಲ ಅಂತ ಹೇಳ್ಬಿಡಿ.”

ಪ್ರಶ್ನೆ ನುಂಗಿದವಳು ನಾನು ಎನ್ನುವ ಬದಲು, ಹೇಳುತ್ತೇನೆ ಎಂದು ಅವಳ ಹೊದಿಕೆ ಸರಿಪಡಿಸಿದೆ.

ಮರುವಾರ ನರ್ಸಮ್ಮನಿಗೆ ಪಾಪಾತಿಯಕ್ಕನ ಮಾತನ್ನಷ್ಟೇ ಹೇಳಿದೆ. ಅವರು ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, ಉಪಕಾರವಾಯಿತು ಎಂದರು. ಇಬ್ಬರೂ ಈಗಿಲ್ಲ. ನನಗೆ ಸಲ್ಲದ, ತಪ್ಪೇ ಮಾಡದ ನರ್ಸಮ್ಮನಿಗೆ ಬೇಕೇ ಇಲ್ಲದಿದ್ದ ಆ ಕ್ಷಮೆಯನ್ನು ಮಾತ್ರ ನಾನು ಒಂದಕ್ಷರವೂ ಬಿಡದೆ ದಾಟಿಸಿದ್ದೆ.