ಗೂಬೆಯ ಪಕ್ಕದ ಬುಲ್‌ಬುಲ್

ಕುಲವೇ ಅಳಿದುಹೋದ ಗೂಬೆಯೊಂದನ್ನು ಕೆತ್ತುವ ಕೆಲಸ ನನಗೆ ನಾರಾಯಣಖೇಡ ಕಡೆಯ ಒಂದು ಶಾಲೆಯಿಂದ ಬಂತು. ನ್ಯೂಜಿಲೆಂಡಿನ ಗೂಬೆ, ಅದರ ಕೂಗು ಮನುಷ್ಯರು ನಕ್ಕಂತೆ ಕೇಳುತ್ತಿತ್ತಂತೆ. ಅದರ ಪಕ್ಕದಲ್ಲಿ ನಮ್ಮ ಬೇಲಿ ಬೇಲಿಯಲ್ಲಿ ಹಾಡುವ ಬುಲ್‌ಬುಲ್ ಇರಬೇಕು. ಹೋದದ್ದನ್ನೂ ಉಳಿದದ್ದನ್ನೂ ಮಕ್ಕಳು ಒಂದೇ ಕಲ್ಲಿನಲ್ಲಿ ಹೋಲಿಸಿ ನೋಡಲಿ ಎಂಬುದು ಅಲ್ಲಿಯ ಟೀಚರಮ್ಮನ ಆಸೆ.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ತಾಂಡೂರಿನಲ್ಲಿ ಮೂವತ್ತು ವರ್ಷ ಉಳಿ ಹಿಡಿದಿದ್ದೇನೆ. ನನ್ನ ಒಂದು ಕಲ್ಲೂ ವಾಪಸು ಬಂದಿಲ್ಲ.

ಟೀಚರಮ್ಮ ಕೊಟ್ಟ ಪುಸ್ತಕದಲ್ಲಿ ಎರಡು ಹಕ್ಕಿಗಳೂ ಒಂದೇ ಅಳತೆಯ ಚೌಕದಲ್ಲಿದ್ದವು. ನಮ್ಮ ಕಸುಬಿನಲ್ಲಿ ಜೋಡಿ ಎಂದರೆ ಸಮ. ಬಾಗಿಲ ಎರಡು ಬದಿಯ ಗಿಳಿಗಳಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಗಿರಾಕಿ ಒಪ್ಪುವುದಿಲ್ಲ. ಗೂಬೆ ಎರಡು ಗೇಣಿನ ಹತ್ತಿರ ಎಂದು ಟೀಚರಮ್ಮ ಹೇಳಿದ್ದರು. ಹಾಗಾಗಿ ಎರಡನ್ನೂ ಒಂದೇ ಚಪ್ಪಡಿಯ ಮೇಲೆ ಎರಡೆರಡು ಗೇಣು ಉಬ್ಬಾಗಿ ಕೆತ್ತಿ, ಜಹೀರಾಬಾದ್ ಹಾಯ್ದು ಟೆಂಪೊದಲ್ಲಿ ಒಯ್ದು, ಶಾಲೆಯ ಅಂಗಳದಲ್ಲಿ ಇಳಿಸಿದೆ.

ಮಗಳನ್ನು ಬಿಡಲು ಬಂದಿದ್ದ ಕುರಿಗಾರನೊಬ್ಬ ನಿಂತು ನೋಡಿದ.

"ಉಸ್ತಾದ್, ನಿಮ್ಮ ತಾಂಡೂರ್ದಾಗ ಬುಲ್‌ಬುಲ್ ಕುರಿಮರಿ ಎತ್ಕೊಂಡು ಹೋಗ್ತಾವೇನ್ರಿ?"

ಬೇಲಿಯ ಮೇಲೆ ನಿಜವಾದದ್ದೇ ಕುಳಿತಿತ್ತು. ಒಂದು ಗೇಣಿಗಿಂತ ಚೂರು ಕಡಿಮೆ. ನನ್ನ ಮುಖ ಬಿಸಿಯಾಯಿತು. ಯಾರೂ ಕಾಣದ ಗೂಬೆ ಅಳತೆಗೆ ಸರಿಯಾಗಿತ್ತು. ದಿನಾ ಕಾಣುವ ಹಕ್ಕಿಯಲ್ಲೇ ತಪ್ಪಿದ್ದೆ.

"ಇರ್ಲಿ ಬಿಡ್ರಿ, ಮಕ್ಕಳಿಗಿ ನಾ ಬಾಯಿಲೆ ಹೇಳ್ತೀನಿ," ಎಂದರು ಟೀಚರಮ್ಮ.

"ಬ್ಯಾಡ್ರಿ. ಬಾಯಿ ಮಾತು ಹೋಗ್ತದ, ಕಲ್ಲು ಉಳೀತದ."

"ಕೆತ್ತಿದ್ದು ಅಳಸಾಕ ಬರ್ತದೇನು? ಸ್ಲೇಟ್ ಅಲ್ಲ ಅದು," ಎಂದ ಕುರಿಗಾರ.

"ತಾಂಡೂರ್ ಕಲ್ಲದ. ನಿಂತು ನೋಡು."

ನಮ್ಮ ಕಲ್ಲು ಪದರ ಪದರವಾಗಿರುತ್ತದೆ. ಬಿರುಕು ಗೂಬೆಯ ಕಡೆ ದಾಟದಂತೆ ಎರಡು ಹಕ್ಕಿಗಳ ನಡುವೆ ಆಳವಾದ ಗೀರು ಹೊಡೆದೆ. ಆಮೇಲೆ ಅಂಚಿಗೆ ಉಳಿಯಿಟ್ಟು, ಮೆಲ್ಲಗೆ ತಟ್ಟುತ್ತ ಕಿವಿಗೊಟ್ಟೆ. ದನಿ ಗಟ್ಟಿಯಿದ್ದರೆ ಪದರ ಬಿಟ್ಟಿಲ್ಲ, ಟೊಳ್ಳಾದರೆ ಬಿಟ್ಟಿದೆ. ಮೂರು ಬದಿ ಟೊಳ್ಳಾಯಿತು. ಗೀರಿನ ಹತ್ತಿರ ಬಂದಾಗ ಕುರಿಗಾರನೂ ಬಗ್ಗಿ ಕಿವಿಗೊಟ್ಟ. ಅಲ್ಲಿ ಒಂದೇಟು ಸೊಟ್ಟಗೆ ಬಿದ್ದರೂ ಇಡೀ ಕಲ್ಲು ಹೋದಂತೆ.

ಕೊನೆಯ ಏಟಿಗೆ ದೊಡ್ಡ ಬುಲ್‌ಬುಲ್ ಹಪ್ಪಳದಂತೆ ಇಡಿಯಾಗಿ ಎದ್ದು ಬಂತು. ಗೂಬೆಯ ಒಂದು ಗರಿಯೂ ಮುಕ್ಕಾಗಲಿಲ್ಲ.

"ಏ, ಇಂವ ಕಲ್ಲಿನ ಚರ್ಮ ಸುಲಿದಾನ್ರಿ," ಎಂದ ಕುರಿಗಾರ ಟೀಚರಮ್ಮನಿಗೆ.

ಎರಡು ದಿನ ಅಲ್ಲೇ ಕುಳಿತು, ಬೇಲಿಯ ಕಡೆ ನೋಡಿ ನೋಡಿ, ಜುಟ್ಟು, ಬಾಲ, ಹಾಡುವಾಗ ಉಬ್ಬುವ ಗಂಟಲು ಎಲ್ಲವನ್ನೂ ಕೆಳಗಿನ ಪದರದಲ್ಲಿ ಗೇಣಿನೊಳಗೆ ಹಿಡಿದೆ. ಆ ಬದಿ ಈಗ ಅರ್ಧ ಬೆರಳು ತಗ್ಗಾಗಿದೆ. ಅಂಚಿಗೆ ಸಿಮೆಂಟ್ ತುಂಬಿ ಮರೆಮಾಡೋಣ ಎಂದರು ಟೀಚರಮ್ಮ, ನಾನು ಒಪ್ಪಲಿಲ್ಲ. ತಗ್ಗು ಯಾಕೆ ಎಂದು ನೋಡಿದವರು ಕೇಳಲಿ. ಆ ಪದರ ಎಬ್ಬಿಸಿದ ಕೈ ಯಾರದೆಂದು ಹೇಳಲು ಆ ಊರಿನಲ್ಲಿ ಜನ ಇದ್ದಾರೆ.