ಮಷೀನಿಗೆ ಶೀತ ಹಿಡಿದ ಬೆಳಗ್ಗೆ

ಅಪ್ಪನ ಫ್ರಿಜ್ ರಿಪೇರಿ ಅಂಗಡಿಯಲ್ಲೇ ಅಂಬೆಗಾಲಿಟ್ಟವಳು ಐಸಕ್ಕ. ಅಪ್ಪ ಕಾಲವಾದ ಮೇಲೆ ಅಂಗಡಿ ಅವಳದಾಯಿತು, ಐಸಕ್ಕ ಎಂಬ ಹೆಸರೂ ಅವಳಿಗೆ ಅಂಟಿಕೊಂಡಿತು. ಕೆಟ್ಟ ಯಂತ್ರಗಳನ್ನು ಅವಳು ಮುನಿಸಿಕೊಂಡ ಮಕ್ಕಳಂತೆ ಮಾತನಾಡಿಸುತ್ತಿದ್ದಳು.

ಚಳಿ ಕೊರೆಯುತ್ತಿದ್ದ ಒಂದು ಬೆಳಗ್ಗೆ ಸೋದರಮಾವನ ಫೋನು ಬಂತು. ಮಾವ ಈಜುಕೊಳ ನೋಡಿಕೊಳ್ಳುವವನು. "ನೀರು ಬಿಸಿ ಮಾಡೋ ಹೀಟ್ ಪಂಪಿಗೆ ಮಂಜುಗಡ್ಡೆ ಕಟ್ಟಿದೆ ಕಣೇ. ಕೆಳಗೆ ನೀರೋ ನೀರು! ಆದ್ರೆ ಈಗ್ಲೇ ಬರ್ಬೇಡ, ಮಧ್ಯಾಹ್ನ ಬಾ."

ಐಸಕ್ಕನಿಗೆ ತಡೆದೀತೇ? ಮಾವ ಫೋನು ಇಡುವಷ್ಟರಲ್ಲಿ ಅವಳ ಸ್ಕೂಟರು ಬೀದಿ ದಾಟಿತ್ತು. ಅವಳನ್ನು ಕಂಡು ಮಾವನ ಮುಖ ಹುಳ್ಳಗಾಯಿತು.

ಕಟ್ಟಡದ ಹಿಂದೆ ನಿಂತಿದ್ದ ಯಂತ್ರದ ಬೆನ್ನಿಗೆ ಬೆಳ್ಳಗೆ ಮಂಜುಗಡ್ಡೆ ಮೆತ್ತಿತ್ತು. "ಏನಮ್ಮಾ, ಶೀತ ಆಯ್ತಾ?" ಎನ್ನುತ್ತಾ ಅವಳು ಮೊದಲು ಕೆಳಗಿನ ನೀರಿಗೆ ಕ್ಲೋರಿನ್ ಪರೀಕ್ಷಿಸುವ ಕಾಗದದ ಪಟ್ಟಿ ಅದ್ದಿದಳು. ಬಣ್ಣ ತಿರುಗಲಿಲ್ಲ.

"ಇದ್ರಲ್ಲಿ ಕ್ಲೋರಿನ್ ಇಲ್ಲ. ಇದು ಕೊಳದ ನೀರಲ್ಲ ಮಾವ, ಪೈಪ್ ಸೋರ್ತಿಲ್ಲ. ಈ ಮಷೀನು ಗಾಳಿಯ ಬಿಸಿ ಹೀರಿ ನೀರಿಗೆ ಕೊಡತ್ತೆ, ಅದಕ್ಕೇ ಗಾಳೀಲಿರೋ ತೇವ ಇಲ್ಲಿ ತಣ್ಣಗಾಗಿ ತೊಟ್ಟಿಕ್ತಿದೆ ಅಷ್ಟೇ. ಗಾಳಿ ಸರಿಯಾಗಿ ಆಡದೆ ಇದ್ರೆ ಅದೇ ಹೆಪ್ಪುಗಟ್ಟತ್ತೆ."

ಮಾವ ಸುತ್ತಿಗೆ ತಂದ. "ಒಡೆದು ಹಾಕ್ಲಾ?"

"ಅಯ್ಯೋ, ಬೇಡ ಮಾರಾಯ! ಒಳಗಿನ ತಗಡು ನಜ್ಜುಗುಜ್ಜಾಗತ್ತೆ. ಬಿಸಿ ಮಾಡೋದನ್ನ ನಿಲ್ಸಿ ಫ್ಯಾನ್ ಮಾತ್ರ ಓಡಿಸೋಣ, ತಾನೇ ಕರಗತ್ತೆ."

ಗಾಳಿಗೆ ಅಡ್ಡವೇನೆಂದು ಯಂತ್ರದ ಮಗ್ಗುಲಿಗೆ ಬಗ್ಗಿದಳು. ಗಾಳಿ ಒಳಗೆ ಹೋಗುವ ಜಾಲರಿಯ ತುಂಬ ಒದ್ದೆ ಟವೆಲುಗಳು! ಯಾರೋ ಸಾಲಾಗಿ ಒಣಹಾಕಿದ್ದರು. ಕಿತ್ತು ಹಾಕುತ್ತಾ ಹೋದವಳ ಕೈ ಒಂದು ಹಳದಿ ಟವೆಲಿನ ಮೇಲೆ ನಿಂತಿತು. ಅದರ ಅಂಚಿಗೆ ಅವಳ ಹಳೆಯ ಲಂಗದ ಹೂವಿನ ತೇಪೆ.

"ಮಾವಾ, ಇದು ಅಮ್ಮಂದಲ್ವಾ?"

ಮಾವ ಆಕಾಶ ನೋಡಿದ. "ನನ್ನ ಬಾಯಿಗೆ ಬೀಗ ಹಾಕಿದಾಳೆ ನಿಮ್ಮಮ್ಮ."

ಐಸಕ್ಕ ಟವೆಲು ಹಿಡಿದು ಒಳಗೆ ಓಡಿದಳು. ಕೊಳದ ಆಳವಿಲ್ಲದ ಕಡೆ, ಹೆಂಗಸರ ಈಜು ತರಗತಿಯ ನಡುವೆ, ರಬ್ಬರ್ ಟೋಪಿ ಹಾಕಿಕೊಂಡು ಕಂಬಿ ಹಿಡಿದು ಕಾಲು ಬಡಿಯುತ್ತಿದ್ದವಳು ಅವಳ ಹೆತ್ತಮ್ಮನೇ.

"ಅಮ್ಮಾ! ದಿನಾ ವಾಕಿಂಗ್ ಹೋಗ್ತೀನಿ ಅಂತಿದ್ದೆ?"

"ನೀರಲ್ಲೇ ನಡೀತಿದೀನಲ್ಲೇ!" ಎಂದಳು ತಾಯಿ, ನಾಚಿಕೆಯಿಂದ ಕೆಂಪಾಗಿ. "ಪೂರ್ತಿ ಕಲಿತ್ಮೇಲೆ ನಿನಗೆ ತೋರಿಸ್ಬೇಕು ಅಂತಿದ್ದೆ. ನೀರು ತಣ್ಣಗಾಯ್ತು ಅಂತ ಇವರೆಲ್ಲ ಗೊಣಗ್ತಿದಾರೆ, ಅದನ್ನ ನೋಡು ಮೊದ್ಲು."

"ನೀರು ತಣ್ಣಗಾಗಿದ್ದು ನಿಮ್ಮ ಟವೆಲಿಂದಾನೇ!"

ಕೊಳದ ತುಂಬ ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುವಿನ ಭರದಲ್ಲಿ ತಾಯಿಯ ಕೈ ಕಂಬಿಯಿಂದ ಜಾರಿತು. ಐಸಕ್ಕ ಕೊಳದ ಅಂಚಿಗೆ ಧಾವಿಸಿದಳು. ಆದರೆ ತಾಯಿ ಮುಳುಗಲಿಲ್ಲ; ಬಾಯಲ್ಲಿದ್ದ ನೀರು ಉಗುಳಿ, ಕೈ ಬೀಸಿ, ತೇಕುತ್ತಾ ಮಗಳ ಕಡೆಗೇ ಈಜಿಕೊಂಡು ಬಂದಳು.

"ಬಾ ಅಮ್ಮಾ, ಬಾ, ಇನ್ನೊಂಚೂರು!" ಎಂದು ಐಸಕ್ಕ ದಡದಲ್ಲಿ ಮೊಣಕಾಲೂರಿ ಕೂಗುತ್ತಲೇ ಇದ್ದಳು. ಶೂ ಒದ್ದೆಯಾದದ್ದು ಅವಳ ಗಮನಕ್ಕೇ ಬರಲಿಲ್ಲ.